ಭಾವಿಕೇರಿಯ ಪುಸ್ತಕಗಳು ಮರಳಿ ಬಂದ ದಿನ

ಕಾರವಾರದ ಹಬ್ಬುವಾಡದ ಮನೆಯಿಂದ ತಿಂಡಿಗೆ ಮೊದಲೇ ಹೊರಟೆ. ಪ್ರಯಾಣದ ದಿನ ಹೊಟ್ಟೆ ಹಗುರಾಗಿರಬೇಕು, ಬಸ್ಸಿಗಿಂತ ಮೊದಲು ನಾವು ನಿಲ್ದಾಣದಲ್ಲಿರಬೇಕು ಎಂಬುದು ನನ್ನ ನಿಯಮ. ಕಾಲೇಜಿನ ಗ್ರಂಥಾಲಯದ ಬೀಗವನ್ನು ಇಡೀ ಉದ್ಯೋಗಾವಧಿಯಲ್ಲಿ ಒಂದೇ ಹೊತ್ತಿಗೆ ತೆಗೆದು ಒಂದೇ ಹೊತ್ತಿಗೆ ಹಾಕಿದವನಿಗೆ ನಿವೃತ್ತಿಯ ನಂತರವೂ ಈ ಅಭ್ಯಾಸ ತಪ್ಪಿಲ್ಲ. ಮೇ ತಿಂಗಳ ಕೊನೆಯ ವಾರ. ಬಿಸಿಲು ಏರುವ ಮೊದಲೇ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೈಚೀಲದಲ್ಲಿ ನೀರು, ಕೊಡೆ, ಮೊಬೈಲಿನ ಚಾರ್ಜರು. ಆ ದಿನ ಅಂಕೋಲೆ ಹತ್ತಿರದ ಭಾವಿಕೇರಿಯ ಗ್ರಂಥಾಲಯವನ್ನು ಮುಚ್ಚಬೇಕೋ ಬೇಡವೋ ಎಂದು ಅಲ್ಲಿನ ಸಮಿತಿ ತೀರ್ಮಾನಿಸುವುದಿತ್ತು. ಮುಚ್ಚಬೇಡಿ ಎಂದು ಹೇಳಲು ನಾನು ಹೊರಟಿದ್ದೆ.

ಕಾರವಾರದಿಂದ ಅಂಕೋಲೆಗೆ ಮೂವತ್ತೈದು ಕಿಲೋಮೀಟರಿನ ಆಸುಪಾಸು. ದಾರಿ ಸುಗಮವಾಗಿದ್ದರೆ ಒಂದು ಗಂಟೆ ಬೇಕಿಲ್ಲ. ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ಅವರ್ಸಾಕ್ಕೆ ಹೊರಟಿದ್ದ ಒಬ್ಬ ಹೆಂಗಸು ಕುಳಿತಿದ್ದಳು. ಅವಳಿಗೆ ಶೂನ್ಯ ದರದ ಟಿಕೆಟ್ಟು, ನಾನು ನೋಟು ಚಾಚಿದೆ. ಅವಳು ನನ್ನ ಬಿಳಿಕೂದಲನ್ನೂ ಟಿಕೆಟ್ಟನ್ನೂ ನೋಡಿ, "ಈ ವಯಸ್ಸಲ್ಲೂ ನಿಮ್ಮತ್ರ ದುಡ್ಡು ತಕಂತ್ರಾ? ಪಾಪ" ಎಂದಳು. ಇಡೀ ದಿನದಲ್ಲಿ ನನಗೆ ನಗು ಬಂದದ್ದು ಅದೊಂದೇ ಸಲ.

ಬಿಣಗಾದ ಸುರಂಗ ದಾಟಿ, ನೌಕಾನೆಲೆಯ ಉದ್ದದ ಗೋಡೆಯ ಪಕ್ಕದಲ್ಲಿ ಬಸ್ಸು ಓಡಿತು. ಚತುಷ್ಪಥಕ್ಕೆಂದು ಕಡಿದ ಗುಡ್ಡಗಳು ಕೆಂಪಗೆ ನಿಂತಿದ್ದವು. ಮುಂಗಾರಿನಲ್ಲಿ ಯಾವುದು ಜಾರುತ್ತದೋ ಎಂದು ಹಿಂದಿನ ಸೀಟಿನವರು ಮಾತನಾಡಿಕೊಳ್ಳುತ್ತಿದ್ದರು. ನಾನು ಸಮಿತಿಯ ಮುಂದೆ ಹೇಳಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ವಿಷಯ ಇಷ್ಟು. ಎರಡು ವರ್ಷಗಳ ಹಿಂದೆ ನಾಲ್ಕು ಸಣ್ಣ ಗ್ರಂಥಾಲಯಗಳನ್ನು ನಾವು ಒಂದೇ ವ್ಯವಸ್ಥೆಯೊಳಗೆ ತಂದೆವು: ನಮ್ಮ ಹಬ್ಬುವಾಡದ್ದು, ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನ ಮಂದಿ ನಡೆಸುವುದು, ಅಂಕೋಲೆ ಪೇಟೆಯಲ್ಲಿ ಒಂದು, ಭಾವಿಕೇರಿಯಲ್ಲಿ ಒಂದು. ಅದಕ್ಕೆ ಮೊದಲು ಒಬ್ಬೊಬ್ಬರದು ಒಂದೊಂದು ದಾರಿಯಾಗಿತ್ತು. ಅಂಕೋಲೆಯವರ ಕಂಪ್ಯೂಟರು ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಾಗ ಅದರೊಳಗಿನ ಪುಸ್ತಕಪಟ್ಟಿಯೂ ಸತ್ತಿತ್ತು. ಹಾಗಾಗಿ ಕ್ಲೌಡ್ ವ್ಯವಸ್ಥೆಗೆ ಹೋದೆವು. ಅಂದರೆ ಪಟ್ಟಿ ನಮ್ಮ ಯಾರ ಕೋಣೆಯಲ್ಲೂ ಇಲ್ಲ. ದೂರದ ದೊಡ್ಡ ಕಂಪ್ಯೂಟರುಗಳಲ್ಲಿದೆ. ಇಂಟರ್ನೆಟ್ ಇದ್ದಲ್ಲಿ, ಕೈಯಲ್ಲಿರುವ ಮೊಬೈಲಿನಲ್ಲೇ ತೆರೆಯಬಹುದು. ಬಾಡಿಗೆಯನ್ನು ನಾಲ್ವರೂ ಹಂಚಿಕೊಂಡರೆ ಯಾರಿಗೂ ಭಾರವಿಲ್ಲ. ಒಂದು ಪುಸ್ತಕದ ವಿವರವನ್ನು ಒಬ್ಬರು ಸರಿಯಾಗಿ ತುಂಬಿದರೆ ಉಳಿದ ಮೂವರಿಗೆ ಆ ಕೆಲಸವಿಲ್ಲ. ಒಂದೇ ಸದಸ್ಯತ್ವದ ಕಾರ್ಡು. ಮಲ್ಲಾಪುರದವರು ಕೇಳಿದ ಪುಸ್ತಕ ಅಂಕೋಲೆಯಲ್ಲಿದ್ದರೆ ಬಸ್ಸಿನಲ್ಲಿ ಹೋಗುತ್ತದೆ. ನನ್ನ ವೃತ್ತಿಜೀವನದಲ್ಲಿ ಇಷ್ಟು ಅಚ್ಚುಕಟ್ಟಾದ ಏರ್ಪಾಡನ್ನು ನಾನು ಕಂಡಿರಲಿಲ್ಲ. ಈಗಲೂ ಅದರಲ್ಲಿ ದೋಷ ಕಾಣುವುದಿಲ್ಲ. ಆದರೂ ಅದೇ ಏರ್ಪಾಡು ತೋರಿಸಿದ ಅಂಕಿಗಳಿಂದ ಭಾವಿಕೇರಿಯ ಬಾಗಿಲು ಮುಚ್ಚುವ ಮಾತು ಎದ್ದಿತ್ತು. ವರ್ಷದಲ್ಲಿ ಅಲ್ಲಿಂದ ಪುಸ್ತಕ ಪಡೆದವರು ಬೆರಳೆಣಿಕೆಯಷ್ಟು, ಪಡೆದವರೂ ತಿಂಗಳುಗಟ್ಟಲೆ ಹಿಂದಿರುಗಿಸಿಲ್ಲ ಎಂದು ಪರದೆ ಹೇಳುತ್ತಿತ್ತು.

ಅಂಕೋಲೆಯ ನಿಲ್ದಾಣದ ಎದುರು ಹೆಂಗಸರು ಕರಿ ಇಷಾಡ ಮಾವನ್ನು ಬುಟ್ಟಿಯಲ್ಲಿಟ್ಟು ಸಾಲಾಗಿ ಕುಳಿತಿದ್ದರು. ಕೊಳ್ಳುವುದು ಮರಳುವಾಗ ಎಂದುಕೊಂಡು ಹೋಟೆಲಿಗೆ ಹೋದೆ. ಬನ್ಸ್ ಮತ್ತು ತೆಳು ಸಾರಿನಂಥ ಪಾತಳ ಭಾಜಿ ತಿಂದೆ. ಭಾಜಿ ಬಿಸಿಯಾಗಿತ್ತು, ಚಹಾ ಅತಿ ಸಿಹಿ. ಕೈ ತೊಳೆದು ಹೊರಬರುವಷ್ಟರಲ್ಲಿ ಸುಮಿತ್ರಾ ಸ್ಕೂಟರು ತಂದು ನಿಲ್ಲಿಸಿದ್ದಳು. ಭಾವಿಕೇರಿಯ ಗ್ರಂಥಾಲಯ ನೋಡಿಕೊಳ್ಳುವವಳು ಅವಳೇ. ಬೆಳಿಗ್ಗೆ ಗದ್ದೆ, ಸಂಜೆ ಗ್ರಂಥಾಲಯ. ಅವಳ ಹಿಂದೆ ಕುಳಿತು ಹೋಗುವುದು ನನಗೆ ಮುಜುಗರವೇ. ರಿಕ್ಷಾ ಹಿಡಿಯುತ್ತೇನೆ ಎಂದರೆ ಅವಳು ಕೇಳಲಿಲ್ಲ.

ಪೇಟೆ ದಾಟಿದ ಮೇಲೆ ದಾರಿ ಕಿರಿದಾಯಿತು. ಎರಡೂ ಬದಿಗೆ ಒಣಗಿ ಬಿರುಕುಬಿಟ್ಟ ಗದ್ದೆ, ಆಚೆ ಉಪ್ಪುನೀರು ನುಗ್ಗುವ ಗಜನಿ ಭೂಮಿ, ಅದರಾಚೆ ಗಾಳಿಮರಗಳು. ಗಾಳಿಯ ಸದ್ದಿನಲ್ಲಿ ಅವಳು ಏನೋ ಹೇಳುತ್ತಲೇ ಇದ್ದಳು, ನನಗೆ ಕೇಳಿಸಲಿಲ್ಲ. ಒಂದು ಮೋರಿಯ ಬಳಿ ಸ್ಕೂಟರು ನಿಲ್ಲಿಸಿ ತಿರುಗಿದಳು.

"ಸರ್, ಒಂದು ಮಾತು ಹೇಳ್ತೆ, ಬೈಬೇಡಿ. ಪುಸ್ತಕ ಯಾರ ಕೈಗೆ ಕೊಡ್ತ್ಯೋ ಅವ್ರ ಹೆಸ್ರಿಗೇ ಹಾಕು ಅಂದ್ರಿ. ನಾನು ಹಂಗೇ ಹಾಕ್ದೆ."

"ಸರಿಯಾಗಿಯೇ ಮಾಡಿದ್ದೀ."

"ಸರಿ ಎಲ್ಲಾತು? ನಾಗಮ್ಮ ಒಂದು ಪುಸ್ತಕ ಒಯ್ದ್ರೆ ಅದು ನಾಗಮ್ಮನ ಮನೇಲಿ ಇರ್ತದೇನ್ರಾ? ಪಕ್ಕದ್ಮನೆಗೆ ಹೋತದೆ, ಅಲ್ಲಿಂದ ಆಚೆಮನೆಗೆ. ಕೇರಿ ತುದಿ ಮುಟ್ಟಿ ಆದ್ಮೇಲೇ ನನ್ನತ್ರ ಬರುದು. ನಮ್ಮಲ್ಲಿ ಪಾಳಿ ಅಂದ್ರೆ ಹಂಗೇ. ಇಡೀ ಕೇರಿ ಓದ್ತದೆ, ಹೆಸ್ರು ಮಾತ್ರ ಒಬ್ರದು."

ಎರಡು ವರ್ಷ ಅವಳು ಇದನ್ನು ನನಗೆ ಏಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲ ಎಂದಳು. ಅದು ನಿಜ. ವಾಪಸು ಬರದ ಪುಸ್ತಕಗಳ ಬಗ್ಗೆ ತಿಂಗಳಿಗೊಮ್ಮೆ ಫೋನು ಮಾಡಿ ಎಚ್ಚರಿಸಿದ್ದು ಬಿಟ್ಟರೆ, ಅವು ಎಲ್ಲಿರುತ್ತವೆ ಎಂದು ನಾನು ಕೇಳಿರಲಿಲ್ಲ. ಆದರೆ ಮೋರಿಯ ಬಳಿ ನನಗೆ ಬೇಸರಕ್ಕಿಂತ ಹೆಚ್ಚಾಗಿ ಧೈರ್ಯವೇ ಬಂತು. ಸಮಿತಿಯ ಮುಂದೆ ಹೇಳಲು ಒಂದು ಗಟ್ಟಿ ಕಾರಣ ಸಿಕ್ಕಿತ್ತು. ಓದುಗರನ್ನು ಸಭೆಗೆ ಕರೆಸು, ಅವರೇ ಬಂದು ನಿಂತರೆ ಸಾಕು ಎಂದು ಹಿಂದಿನ ದಿನ ನಾನು ಫೋನಿನಲ್ಲಿ ಹೇಳಿದ್ದೂ ಈಗ ಇನ್ನಷ್ಟು ಸರಿ ಅನ್ನಿಸಿತು. ಸುಮಿತ್ರಾ ಕೇರಿಗೆ ಹೇಳಿ ಕಳಿಸಿದ್ದಳು.

ಗ್ರಂಥಾಲಯ ಒಂದೇ ಕೋಣೆ. ಮೂರು ಕಪಾಟು, ಎರಡು ಬೆಂಚು, ಗೋಡೆಯಲ್ಲಿ ಕಿಟಕಿಯಷ್ಟೇ ದೊಡ್ಡ ಒದ್ದೆಯ ಕಲೆ. ಕೋಣೆ ಊರ ಸಮಿತಿಯದು. ಮಳೆಗಾಲದ ಬಿತ್ತನೆಗೆ ಬರುವ ಗೊಬ್ಬರ ಇಡಲು ಅಲ್ಲಿನ ರೈತರಿಗೆ ಜಾಗವಿಲ್ಲ. ಹೋದ ವರ್ಷ ತಾಡಪತ್ರಿಯಡಿ ಇಟ್ಟ ಚೀಲಗಳು ನೆನೆದು ಕಲ್ಲಾಗಿದ್ದವು. ಹಾಗಾಗಿ ಈ ಕೋಣೆ ಕೇಳುತ್ತಿದ್ದರು. ಕೇಳಿದ್ದು ಅನ್ಯಾಯ ಎಂದು ನಾನು ಹೇಳಲಾರೆ.

ಸಮಿತಿಯ ಅಧ್ಯಕ್ಷರು ಬೊಮ್ಮಯ್ಯನವರು. ನನ್ನದೇ ವಯಸ್ಸು, ನೌಕರಿಯಿಂದ ನಿವೃತ್ತರು, ಈಗ ಸ್ವಂತ ಗದ್ದೆ ನೋಡಿಕೊಳ್ಳುತ್ತಾರೆ. ಅವರ ಮೊಬೈಲಿನಲ್ಲಿ ನಮ್ಮ ಪುಸ್ತಕಪಟ್ಟಿ ತೆರೆದೇ ಇತ್ತು. ನಾಲ್ಕು ಊರುಗಳಲ್ಲಿ ಅದನ್ನು ನನ್ನಷ್ಟು ಇಷ್ಟಪಟ್ಟು ಬಳಸುವವರು ಅವರೊಬ್ಬರೇ.

"ಬರ್ರಾ ಮಾಸ್ತರ್ರೆ, ಕುಳಕಣ್ರಿ. ನಿಮ್ದೇ ಲೆಕ್ಕ ನೋಡ್ತಾ ಇದ್ದೆ" ಎಂದರು.

ನಾನು ಪಾಳಿಯ ವಿಷಯ ಹೇಳಿದೆ. ಒಂದು ಹೆಸರಿನ ಹಿಂದೆ ಒಂದು ಕೇರಿಯೇ ಇದೆ ಎಂದೆ. ಅವರು ಗಮನವಿಟ್ಟು ಕೇಳಿದರು, ನಡುವೆ ಬಾಯಿ ಹಾಕಲಿಲ್ಲ. ಹಾಗಾದರೆ ಅದು ಲೆಕ್ಕದಲ್ಲಿ ಏಕೆ ಇಲ್ಲ ಎಂದು ಮಾತ್ರ ಕೇಳಿದರು. ಬರೆಯದ್ದು ಲೆಕ್ಕಕ್ಕಿಲ್ಲ ಎಂದು ಮೊದಲ ತರಬೇತಿಯ ದಿನ ಹೇಳಿದವನು ನಾನೇ ಎಂದು ನೆನಪಿಸಿದರು. ಮತ್ತೆ, ಇಲ್ಲಿನ ಬಹುತೇಕ ಪುಸ್ತಕಗಳ ಇನ್ನೊಂದು ಪ್ರತಿ ಅಂಕೋಲೆಯಲ್ಲಿದೆ ಎಂದು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ನಾಲ್ಕರಲ್ಲಿ ಎಲ್ಲಿದ್ದರೂ ನಮ್ಮದೇ ಅಲ್ಲವೇ, ಹಂಚಿಕೊಳ್ಳುವುದು ಎಂದರೆ ಅದೇ ಅಲ್ಲವೇ ಎಂದರು. ಆ ಮಾತೂ ನನ್ನದೇ.

ಓದುಗರು ಬರುತ್ತಾರೆ, ಸ್ವಲ್ಪ ತಾಳಿ ಎಂದೆ.

ಬಂದರು. ಮೊದಲು ನಾಗಮ್ಮ. ತೋಟದ ಕೂಲಿಗೆ ಹೋಗುವವಳು, ಐವತ್ತು ದಾಟಿದ ವಯಸ್ಸು. ಅವಳ ಹಿಂದೆ ಇಬ್ಬರು, ಅವರ ಹಿಂದೆ ಇನ್ನಷ್ಟು ಹೆಂಗಸರು, ಕೆಲವು ಗಂಡಸರು. ಅಂಗಳ ತುಂಬಿತು. ನನ್ನ ಎದೆ ಹಗುರಾಯಿತು. ಆಮೇಲೆ ಅವರ ಕೈಗಳನ್ನು ನೋಡಿದೆ. ಪ್ರತಿಯೊಬ್ಬರ ಕೈಯಲ್ಲೂ ಪುಸ್ತಕವಿತ್ತು. ಕೆಲವು ಪ್ಲಾಸ್ಟಿಕ್ ಚೀಲದಲ್ಲಿ, ಕೆಲವು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದವು. ಕೆಲವರು ರಟ್ಟು ಕಿತ್ತುಹೋದದ್ದನ್ನು ಹಿಟ್ಟಿನ ಅಂಟಿನಿಂದ ಅಂಟಿಸಿ ತಂದಿದ್ದರು.

ನಾಗಮ್ಮ ತನ್ನದನ್ನು ಮೇಜಿನ ಮೇಲಿಟ್ಟಳು. "ಮುಚ್ಚುದು ಅಂದ್ರು. ಊರ ಸೊತ್ತು ಮನೇಲಿ ಇಟ್ಕಣುದು ಸಮಾ ಅಲ್ಲ ಅಂದ್ಕಂಡು ತಂದೆ. ಎಲ್ರಿಗೂ ಹೇಳ್ದೆ, ಬರುವಾಗ ತಕಂಡೇ ಬನ್ನಿ ಅಂತ."

ಇನ್ನೂ ತೀರ್ಮಾನವಾಗಿಲ್ಲ ಎಂದು ನಾನು ಹೇಳಿದೆ. ಅವಳು ಬೊಮ್ಮಯ್ಯನವರ ಮುಖ ನೋಡಿ, ತೀರ್ಮಾನ ಆಗಿದೆ ಎಂಬಂತೆ ತಲೆಯಾಡಿಸಿದಳು. ಅಂಕೋಲೆಯಿಂದ ಪುಸ್ತಕ ತರಬಹುದಲ್ಲ ಎಂದು ಸಮಿತಿಯವರೊಬ್ಬರು ಅಂದರು.

"ಅಂಕೋಲಿಗೆ ಹೋಗ್ಬಂದ್ರೆ ಆ ದಿನದ ಕೆಲ್ಸ ಹೋತು" ಎಂದಳು ನಾಗಮ್ಮ. "ಅಡ್ಡಿಲ್ಲ ಬಿಡಿ ಒಡೆಯಾ. ಗೊಬ್ಬರದ ಚೀಲದ ಮೇಲೂ ಅಕ್ಷರ ಇರ್ತದೆ. ಅದನ್ನೇ ಓದ್ತೆ."

ಯಾರೋ ನಕ್ಕರು. ಬೊಮ್ಮಯ್ಯನವರು ನಗಲಿಲ್ಲ. ಅವರು ಮೇಜಿನ ಮೇಲೆ ಬೆಳೆಯುತ್ತಿದ್ದ ರಾಶಿಯನ್ನು ನೋಡಿ ತಗ್ಗಿದ ದನಿಯಲ್ಲಿ ನನಗೆ ಹೇಳಿದರು: "ನೋಡಿ ಮಾಸ್ತರ್ರೆ, ನೀವು ಕರೆಸಿದ ಜನ. ಅವ್ರೇ ವಾಪಸ್ ಕೊಟ್ರು. ಇನ್ನು ನಾ ಎಂತ ಹೇಳ್ಲಿ?"

ಇವನ್ನು ಮನೆಗೆ ಒಯ್ಯಿರಿ, ಯಾರೂ ಕೊಡಬೇಡಿ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ಬಾಯಿಂದ ಹೊರಡಲಿಲ್ಲ. ಪುಸ್ತಕ ಹಿಂದಿರುಗಿಸಲು ಬಂದವರನ್ನು ಹಿಂದಕ್ಕೆ ಕಳಿಸುವುದು ನಾನು ಕಲಿತ ಕೆಲಸದಲ್ಲಿ ಇರಲಿಲ್ಲ. ಸುಮಿತ್ರಾಳನ್ನು ಬೆಂಚಿನ ಮೇಲೆ ಕೂರಿಸಿ ನಾನೇ ಮೇಜಿಗೆ ಕುಳಿತೆ. ಒಂದೊಂದೇ ಪುಸ್ತಕ ತೆಗೆದುಕೊಂಡು, ಸಂಖ್ಯೆ ನೋಡಿ, ಮೊಬೈಲಿನಲ್ಲಿ ವಾಪಸಾಯಿತು ಎಂದು ಒತ್ತಿದೆ. ಕೊಟ್ಟವರು ತಕ್ಷಣ ಹೋಗಲಿಲ್ಲ. ಅದು ಕಪಾಟಿಗೆ ಸೇರುವವರೆಗೆ ನಿಂತು ನೋಡಿದರು. ಇಬ್ಬರು ತಮ್ಮ ತಮ್ಮಲ್ಲೇ ಒಂದು ಕಾದಂಬರಿಯ ಕೊನೆ ಏನಾಯಿತು ಎಂದು ಕೇಳಿಕೊಂಡರು. ಪಾಳಿ ನಡುವೆಯೇ ನಿಂತಿತ್ತು. ಕೇರಿಯ ತುದಿಮನೆಯವಳಿಗೆ ಪುಸ್ತಕ ಇನ್ನೂ ಮುಟ್ಟಿರಲಿಲ್ಲ. ಮೊದಲು ಓದಿದ್ದವಳು ಅಲ್ಲೇ ಅಂಗಳದಲ್ಲಿ ನಿಂತು ಉಳಿದ ಕತೆಯನ್ನು ಬಾಯಲ್ಲಿ ಹೇಳಿ ಮುಗಿಸಿದಳು.

ಕೆಲಸ ಮುಗಿದಾಗ ಪರದೆ ನೋಡಿದೆ. ಭಾವಿಕೇರಿಯ ಹೆಸರಿನೆದುರು ಬಾಕಿ ಒಂದೂ ಇರಲಿಲ್ಲ. ಎಲ್ಲ ಪುಸ್ತಕಗಳೂ ಲಭ್ಯ. ಎರಡು ವರ್ಷಗಳಿಂದ ನಾನು ಸುಮಿತ್ರಾಳಿಂದ ಕೇಳುತ್ತಿದ್ದದ್ದು ಇದನ್ನೇ.

ಗ್ರಂಥಾಲಯ ಮುಚ್ಚುವ ತೀರ್ಮಾನ ಊಟಕ್ಕೆ ಮೊದಲೇ ಆಯಿತು. ಅಂಕೋಲೆಯವರಿಗೆ ತಮ್ಮಲ್ಲಿರುವ ಪುಸ್ತಕಗಳ ಜೊತೆಗೆ ಇವನ್ನೂ ಇಡಲು ಜಾಗವಿಲ್ಲ. ಹಾಗಾಗಿ ಗೋಣಿಯಲ್ಲಿ ಕಟ್ಟಿ ಅದೇ ಕೋಣೆಯ ಅಟ್ಟಕ್ಕೆ ಏರಿಸುವುದು, ಕೆಳಗೆ ಗೊಬ್ಬರ. ಮುಂದೆ ಅನುಕೂಲವಾದಾಗ ನೋಡೋಣ ಎಂದು ಬರೆದರು. ಆಗಲೇ ಗೋಣಿಗೆ ತುಂಬಲು ಶುರುಮಾಡಿದರು. ಬೊಮ್ಮಯ್ಯನವರ ಮನೆಯಲ್ಲಿ ಊಟಕ್ಕೆ ಕರೆದರು. ಕುಚ್ಚಿಗೆ ಅನ್ನ, ಮಾವಿನಕಾಯಿ ಗೊಜ್ಜು. ಪ್ರೀತಿಯಿಂದ ಬಡಿಸಿದರು. ನಾನು ತಿಂದೆ.

ಮರಳುವಾಗಲೂ ಸುಮಿತ್ರಾಳ ಸ್ಕೂಟರಿನಲ್ಲೇ ಬಂದೆ. ನಿಲ್ದಾಣದಲ್ಲಿ ಇಳಿದ ಮೇಲೆ ಗ್ರಂಥಾಲಯದ ಬೀಗದ ಕೈಯನ್ನು ಯಾರಿಗೆ ಕೊಡಲಿ ಎಂದು ಕೇಳಿದಳು. ಬೊಮ್ಮಯ್ಯನವರಿಗೆ ಎಂದೆ. "ಹೌದ್ರಾ" ಎಂದಳು. ಸ್ಕೂಟರು ತಿರುಗಿಸಿಕೊಂಡು ಹೋದಳು. ಮಾವಿನಹಣ್ಣಿನ ಬುಟ್ಟಿಗಳು ಅರ್ಧ ಖಾಲಿಯಾಗಿದ್ದವು. ಕೊಳ್ಳಲು ಮನಸ್ಸಾಗಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿ ಸಿಕ್ಕಿತು. ಅಮದಳ್ಳಿ ಕಳೆದ ಮೇಲೆ ಮೊಬೈಲು ಒಮ್ಮೆ ನಡುಗಿತು. ನಮ್ಮ ವ್ಯವಸ್ಥೆಯದೇ ಸಂದೇಶ; ನಾಲ್ಕೂ ಕಡೆಯ ಕೋರಿಕೆಗಳು ನನಗೂ ಬರುತ್ತವೆ. ಮಲ್ಲಾಪುರದ ಸದಸ್ಯೆಯೊಬ್ಬರು ಕರಾವಳಿಯ ಗಿಡಮೂಲಿಕೆಗಳ ಬಗೆಗಿನ ಒಂದು ಹಳೆಯ ಪುಸ್ತಕ ಕೇಳಿದ್ದರು. ನಾಲ್ಕು ಗ್ರಂಥಾಲಯಗಳಲ್ಲಿ ಅದು ಇದ್ದದ್ದು ಭಾವಿಕೇರಿಯಲ್ಲಿ ಮಾತ್ರ. ಅಲ್ಲಿಯವರೆಗೆ ಬಾಕಿಯ ಸಾಲಿನಲ್ಲಿದ್ದದ್ದು ಆ ದಿನವಷ್ಟೇ ಲಭ್ಯ ಎಂದು ಕಂಡಿತ್ತು. ಹೊರಗಿನವರು ಭಾವಿಕೇರಿಯಿಂದ ಪುಸ್ತಕ ಕೇಳಿದ್ದು ಅದೇ ಮೊದಲು. ನಾವು ಇಷ್ಟೆಲ್ಲ ಕಟ್ಟಿದ್ದು ಇಂಥ ಒಂದು ಕೋರಿಕೆಗಾಗಿಯೇ. ಆ ಪುಸ್ತಕವನ್ನು ಸೀರೆಯ ತುಂಡಿನಿಂದ ಬಿಚ್ಚಿ ಕಪಾಟಿಗೆ ಇಟ್ಟವನು ನಾನೇ. ಆ ಹೊತ್ತಿಗೆ ಅದು ಯಾವ ಗೋಣಿಯ ತಳದಲ್ಲಿತ್ತೋ.

ಕೆಳಗೆ ಎರಡು ಗುಂಡಿಗಳಿದ್ದವು: ಕಳುಹಿಸುತ್ತೇವೆ, ಲಭ್ಯವಿಲ್ಲ. ಸುಮಿತ್ರಾಳಿಗೆ ಫೋನು ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಬಿಣಗಾ ಬಂತು. ಕೋರಿಕೆಗೆ ಅದೇ ದಿನ ಉತ್ತರಿಸಬೇಕೆಂಬ ನಿಯಮ ಮಾಡಿದವನೂ ನಾನು. ಲಭ್ಯವಿಲ್ಲ ಎಂಬುದನ್ನು ಒತ್ತಿದೆ.

ಅಷ್ಟರಲ್ಲಿ ಬಸ್ಸು ಸುರಂಗದೊಳಗೆ ಹೊಕ್ಕಿತು, ಸಿಗ್ನಲ್ ಹೋಯಿತು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತ ಉಳಿಯಿತು. ಉತ್ತರ ಇನ್ನೂ ಹೋಗಿಲ್ಲ, ರದ್ದುಮಾಡಬಹುದು ಎಂದು ಬೆರಳನ್ನು ಅಲ್ಲೇ ಇಟ್ಟುಕೊಂಡು ಕುಳಿತೆ. ಒತ್ತಲಿಲ್ಲ. ಸುರಂಗದ ಆಚೆಯ ಬಾಯಲ್ಲಿ ಕಾರವಾರದ ಕಡಲು ಬೆಳ್ಳಗೆ ಕಂಡಿತು. ಚಕ್ರ ನಿಂತಿತು. ಉತ್ತರ ಮಲ್ಲಾಪುರಕ್ಕೆ ಮುಟ್ಟಿತ್ತು.