ದುಃಖಕ್ಕೆ ದುಃಖವೇ ಗುಳಿಗೆ

ಎಪ್ಪತ್ತರ ದಶಕದ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ, ಶಹಾಬಾದಿನ ನನ್ನ ಅಕ್ಕನ ಮನೆ. ಭಾವ ತೀರಿಕೊಂಡು ಮೂರು ದಿನವಾಗಿತ್ತು. ಅಕ್ಕ ಅತ್ತಿರಲಿಲ್ಲ, ಒಂದು ತುತ್ತೂ ಉಂಡಿರಲಿಲ್ಲ. ಹಾಜರಿದ್ದ ನಾವು ಗಂಡಸರೆಲ್ಲ ಸರದಿಯ ಮೇಲೆ, "ಅಳಬ್ಯಾಡವ್ವಾ, ಧೈರ್ಯ ತಗೋ" ಎಂದು, ಅಳದೇ ಕುಳಿತವಳಿಗೆ ಶಿಸ್ತಾಗಿ ಸಮಾಧಾನ ಹೇಳುತ್ತಿದ್ದೆವು.

ನಮ್ಮ ಕಾಕಾ ಹೋಮಿಯೋಪಥಿ ಬಲ್ಲವರು. ರೋಗ ತರುವ ವಸ್ತುವಿನ ಚೂರೇ ರೋಗ ಕಳೆಯುತ್ತದೆ ಎಂದು ಅರ್ಧ ತಾಸು ವಿವರಿಸಿ, ಸಕ್ಕರೆ ಗುಳಿಗೆ ಮುಂದಿಟ್ಟರು. ಅಕ್ಕ ಬಾಯಿ ತೆರೆಯಲಿಲ್ಲ.

ಆಗ ದಂಡೋತಿಯಿಂದ ಅಕ್ಕನ ಗೆಳತಿ ಶರಣಮ್ಮ ರೊಟ್ಟಿಬುತ್ತಿ ಹೊತ್ತು ಬಂದಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ಬಂದವರೇ ಬುತ್ತಿ ತರುವುದು ನಮ್ಮ ಕಡೆಯ ಪದ್ಧತಿ. ಹಿಂದಿನ ವರ್ಷ ವಿಧವೆಯಾದ ಆಕೆ, ಬುತ್ತಿ ಇಳಿಸಿದ್ದೇ ತಡ, ಅಕ್ಕನ ಕೊರಳಿಗೆ ಬಿದ್ದು ತನ್ನ ಗಂಡನನ್ನು ನೆನೆದು ಗೋಳೋ ಎಂದು ಅತ್ತಳು. ನಮ್ಮ ಭಾವನ ಸುದ್ದಿಯನ್ನೇ ಎತ್ತಲಿಲ್ಲ.

ಅರ್ಧ ತಾಸು ಉಪನ್ಯಾಸ ಮಾಡಿದ್ದ ಕಾಕಾ ಗದರಿದರು: "ಏ ತಂಗಿ, ಮೊದಲೇ ಅಕಿ ಭಾಳ ದುಃಖದಾಗ ಅದಾಳ. ಅಕಿ ಮುಂದ ಅಳಬ್ಯಾಡ, ಹೊರಗ ನಡಿ!"

"ಅಕಿ ಅಳಲಿ ಕಾಕಾ. ನೀವೇ ಹೊರಗ ನಡೀರಿ," ಎಂದಳು ಅಕ್ಕ. ಮೂರು ದಿನದಲ್ಲಿ ಅದೇ ಮೊದಲ ಮಾತು. ಮರುಕ್ಷಣ ಅವಳೂ ಬಿಕ್ಕಿದಳು. ಮಧ್ಯಾಹ್ನ ಗೆಳತಿಗೆ ಉಣಿಸುತ್ತ ತಾನೂ ಅರ್ಧ ರೊಟ್ಟಿ ತಿಂದಳು. ಯಾರೂ ಮುಟ್ಟದ ಗುಳಿಗೆಯ ಗುಣವನ್ನು ಕಾಕಾ ಅಂಗಳದಲ್ಲಿ ಎಲ್ಲರಿಗೂ ಬಣ್ಣಿಸಿದರು.

ಅಂದಿನಿಂದ ಸಾವಿನ ಮನೆಯಲ್ಲಿ ನಾನು ಧೈರ್ಯ ಹಂಚುವುದಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂರುತ್ತೇನೆ. ಆ ಸಂಜೆ ಶರಣಮ್ಮನನ್ನು ಬಸ್ಸಿಗೆ ಹತ್ತಿಸಿ ಬಂದಾಗ ಅಕ್ಕ ಜೋರಾಗಿ ಅಳುತ್ತಿದ್ದಳು. ಯಾರೂ ಬೇಡವೆನ್ನಲಿಲ್ಲ.