ಹಕ್ಕಲು ಆಯ್ದ ಸೊಸೆ

“ಏನ್ರೀ ಅಕ್ಕಾ, ಬಾಯಾಗೇ ಮಣಮಣ ಅಂತೀರಿ? ನನಗೂ ಕೇಳಂಗೆ ಓದ್ರಿ.”

ಸಂಜೆ ದಾವಣಗೆರೆಯಿಂದ ಕೊಂಡಜ್ಜಿ ಊರಿನ ಮೇಲೆ ಹರಿಹರಕ್ಕೆ ಹೊರಟಿದ್ದ ಬಸ್ಸಿನಲ್ಲಿ, ಸೊಪ್ಪು ಮಾರಿ ಖಾಲಿ ಬುಟ್ಟಿಯೊಂದಿಗೆ ಪಕ್ಕದಲ್ಲಿ ಕೂತಿದ್ದ ಅದೇ ಕೊಂಡಜ್ಜಿಯ ಹೆಂಗಸು ನನ್ನ ಬೈಬಲ್ಲಿನತ್ತ ಬಾಗಿದಳು. ದಿನಕ್ಕೊಂದು ಅಧ್ಯಾಯ ಓದುವುದು ನನಗೆ ಮಾತ್ರೆ ನುಂಗಿದಂತಾಗಿತ್ತು. ದನಿ ಏರಿಸಿದೆ. ಗಂಡ ಸತ್ತ ಸೊಸೆಯೊಬ್ಬಳು, ಅತ್ತೆಯ ಹೊಟ್ಟೆ ತುಂಬಿಸಲು ಯಾರದೋ ಹೊಲದಲ್ಲಿ ಹಕ್ಕಲು ಆಯಲು ಹೋಗುವ ಕಥೆ ಅದು.

“ಹಕ್ಕಲಾ!” ಆಕೆ ನನ್ನ ತೊಡೆಗೆ ಬಡಿದಳು. “ಶೇಂಗಾ ಕಿತ್ತ ಹೊಲದಾಗೆ ಉಳಿದಿದ್ದು ನಾವೂ ಆಯ್ತೀವಲ್ರೀ! ನಮ್ಮೂರ ಸುದ್ದಿ ಇದರಾಗೆ ಯಾರು ಬರೆದ್ರು? ಹೊಲದ ಸಾವ್ಕಾರ ಬೈದ್ನಾ?”

ಹಿಂದಿನ ಸೀಟಿನವರೂ ನಕ್ಕರು. ಹಕ್ಕಲು ಎಂಬ ಪದ ಬೈಬಲ್ಲಿನಲ್ಲಷ್ಟೇ ಇದೆ ಎಂದುಕೊಂಡಿದ್ದ ನನಗೂ ನಗು ತಡೆಯಲಾಗಲಿಲ್ಲ. ಉತ್ತರ ಹೇಳುವಷ್ಟರಲ್ಲಿ ಅವಳ ಊರು ಬಂತು. ಇಳಿಯುತ್ತಾ ತಾಕೀತು ಮಾಡಿದಳು: “ನಾಳೆ ಇದೇ ಬಸ್ಸಿಗೆ ಬರ್ತೀನಿ. ಅಲ್ಲೀತನಕ ನೀವೊಬ್ರೇ ಮುಂದೆ ಓದಬ್ಯಾಡ್ರಿ ಮತ್ತೆ!”

ಹೂಂ ಅಂದುಬಿಟ್ಟೆ. ಬೈಬಲ್ ತೆರೆಯಲು ದಿನವೂ ಮನಸ್ಸನ್ನು ಒತ್ತಾಯಿಸುತ್ತಿದ್ದವಳಿಗೆ, ಅಂದು ಮನೆಯಲ್ಲಿ ಅದನ್ನು ಮುಚ್ಚಿಡುವುದೇ ಕಷ್ಟವಾಯಿತು.