ವಸ್ಫಿಯಾಳ ಕಾಡೀರುಳ್ಳಿ ಸಾಲು

ಜೆರುಸಲೇಮಿನ ಉತ್ತರಕ್ಕಿರುವ ಸಲ್ಫೀತದ ಬೆಟ್ಟಸಾಲಿನಲ್ಲಿ ವಸ್ಫಿಯಾಳ ಜೊತೆ ವಾದಕ್ಕೆ ಇಳಿಯುವ ಗಂಡಸು ಇರಲಿಲ್ಲ. ಗಂಡ ಕುವೈತಿಗೆ ದುಡಿಯಲು ಹೋಗಿ ಅಲ್ಲೇ ತೀರಿಕೊಂಡ. ಹೇಸರಗತ್ತೆ ಕಟ್ಟಿ ಉತ್ತವಳೂ ಅವಳೇ, ಆಲಿವ್ ಮರ ಸವರಿದವಳೂ ಅವಳೇ.

ಅವಳ ಕಷ್ಟಕ್ಕೆ ಕಾರಣ ಗಂಡನ ತಾತನ ಜಾಣತನ. ತುರ್ಕರ ಕಾಲದಲ್ಲಿ ಜಮೀನು ಬರೆದುಕೊಳ್ಳಲು ಅಧಿಕಾರಿಗಳು ಬಂದಾಗ ಊರಿಗೆ ಊರೇ ನಡುಗಿತ್ತು. ಹೆಚ್ಚು ನೆಲ ಹೇಳಿದರೆ ಹೆಚ್ಚು ಕಂದಾಯ, ಮೇಲಾಗಿ ಮಗನನ್ನು ಸೈನ್ಯಕ್ಕೆಳೆದು ಯೆಮನ್ನಿಗೆ ಅಟ್ಟುವ ಭಯ. ಸರ್ಕಾರ ಚಾಪೆಯ ಕೆಳಗೆ ತೂರಿದರೆ ತಾತ ರಂಗೋಲಿಯ ಕೆಳಗೆ ತೂರಿದ. ಇಪ್ಪತ್ತನಾಲ್ಕು ದುನುಮ್, ಅಂದರೆ ಸುಮಾರು ಆರು ಎಕರೆ ನೆಲವನ್ನು ಎಂಟೇ ದುನುಮ್ ಎಂದು ಬರೆಸಿದ. ಆಮೇಲೆ ಇಂಗ್ಲಿಷರು ಬಂದು, ಒಂದೇ ನೆಲದ ಬಗ್ಗೆ ಅರಬರಿಗೂ ಯಹೂದಿಗಳಿಗೂ ಮಾತು ಕೊಟ್ಟು ಕೈತೊಳೆದುಕೊಂಡು ಹೋದರು. ನಲವತ್ತೆಂಟರ ಯುದ್ಧದಲ್ಲಿ ಬಯಲಿನ ಹಳ್ಳಿಗಳು ಬರಿದಾದವು, ಬೆಟ್ಟಕ್ಕೆ ಜೋರ್ಡನ್ನಿನ ಆಳ್ವಿಕೆ ಬಂತು, ಅರವತ್ತೇಳರಲ್ಲಿ ಇಸ್ರೇಲಿನ ಸೈನ್ಯ ಬಂತು. ಕೆರೆದು ಹುಣ್ಣು ಮಾಡಿಕೊಳ್ಳುವುದೇಕೆಂದು ಯಾರೂ ಆ ಎಂಟನ್ನು ತಿದ್ದಿಸಲಿಲ್ಲ.

ಎಂಬತ್ತಾರರ ಬೇಸಿಗೆಯಲ್ಲಿ ಅವಳ ಆಲಿವ್ ಮರಕ್ಕೆ ನೋಟಿಸು ಕಟ್ಟಿದರು. ಕಾಗದದಲ್ಲಿರುವುದು ಎಂಟು, ಉಳಿದ ಹದಿನಾರು ಸರ್ಕಾರದ್ದು, ಎದುರು ಬೆಟ್ಟದ ಹೊಸ ಯಹೂದಿ ವಸತಿಗೆ ಬೇಕಂತೆ.

ಮೈದುನ ಶುಕ್ರಿ ಸಮಾಧಾನ ಹೇಳಲು ಬಂದ. "ಎಂಟಾದ್ರೂ ಉಳೀತಲ್ಲ ಅತ್ತಿಗೆ, ಸುಮ್ನಿದ್ಬಿಡು. ನನ್ನ ಕಾಗ್ದದಲ್ಲಿರೋದು ಬರೀ ಐದು, ನಾನೇನು ಬಾಯಿ ಬಿಟ್ಟಿದೀನಾ?"

"ಮೂರು ಹಲ್ಲಲ್ಲಿ ಎರಡು ಕಿತ್ಕೊಂಡು ಹೋದ್ರೆ, ಉಳಿದ ಒಂದಕ್ಕೆ ಮುತ್ತು ಕೊಡ್ತೀಯೇನೋ?" ಎಂದಳು ವಸ್ಫಿಯಾ.

ವಸ್ಫಿಯಾ ನೋಟಿಸಿನ ವಿರುದ್ಧ ದಾವೆ ಹೂಡಿದಳು. ಅವಳ ಪರವಾಗಿ ಜೆರುಸಲೇಮಿನಿಂದ ತಿರ್ಜಾ ಎಂಬ ಯಹೂದಿ ವಕೀಲೆ ಬಂದಳು. ಹಳೆಯ ಪತ್ರ ಓದಿ ಅವಳ ಕಣ್ಣು ಅರಳಿತು. "ಇದ್ರಲ್ಲಿ ಗಡೀನೂ ಬರೆದಿದೆ ಕಣಮ್ಮಾ. ಬಾವಿಬಂಡೆಯಿಂದ ದರ್ಗಾದವರೆಗೆ ಗಡಿಗುರುತಿಗೆ ನೆಟ್ಟ ಕಾಡೀರುಳ್ಳಿ ಸಾಲು. ತುರ್ಕರ ಕಾನೂನು ಇವತ್ತಿಗೂ ಇಲ್ಲಿ ನಡೀತಿದೆ. ಗಡಿ ಗಟ್ಟಿ ಇದ್ರೆ ಅಳತೆ ತಪ್ಪಿದ್ರೂ ಗಡೀನೇ ಲೆಕ್ಕ. ಆದ್ರೆ ಅದನ್ನ ತೋರಿಸ್ಬೇಕು."

ಆಗಸ್ಟಿನಲ್ಲಿ ನ್ಯಾಯಾಧೀಶರು ಸ್ಥಳಕ್ಕೆ ಬಂದರು. ಬಿಸಿಲಿಗೆ ಒಣಗಿದ ಕಲ್ಲುನೆಲ, ಕಾಡೀರುಳ್ಳಿಯ ಒಂದು ಎಲೆಯೂ ಇಲ್ಲ. ಭೂಮಾಪನದ ಅಧಿಕಾರಿ ನಕ್ಕ. "ಎಲ್ಲಿದೆ ತಾಯಿ ನಿನ್ನ ಈರುಳ್ಳಿ? ಮಾರಿಕೊಂಡ್ಯಾ?"

"ಬೇಸಿಗೇಲಿ ಅದು ಮಣ್ಣೊಳಗೆ ಮಲಗಿರುತ್ತೆ. ನಾನು ಅಗೆದ್ರೆ ನಿನ್ನೆ ಹೂತಿಟ್ಟೆ ಅಂತೀರಿ. ನೀವೇ ಅಗೀರಿ ಸ್ವಾಮಿ. ಬಂಡೆಯಿಂದ ದರ್ಗಾದ ಕಡೆ ಏಳೇಳು ಹೆಜ್ಜೆಗೆ ಒಂದು."

ಮದುವೆಯಾದ ಮೂರನೇ ದಿನ ಮಾವ ಅವಳನ್ನು ಆ ಸಾಲಿನುದ್ದಕ್ಕೂ ನಡೆಸಿದ್ದ. ಆ ನಡಿಗೆಯ ಮೇಲೆ ಈಗ ಹದಿನಾರು ದುನುಮ್ ನಿಂತಿತ್ತು.

ಅಧಿಕಾರಿ ಏಳು ಹೆಜ್ಜೆ ಹಾಕಿದ, ಸಿಪಾಯಿ ಅಗೆದ. ಬರೀ ಕಲ್ಲು. ತಿರ್ಜಾಳ ಮುಖ ಬಿಳಿಚಿತು. ವಸ್ಫಿಯಾಳ ಬಾಯಿ ಮಾತ್ರ ಸೋಲಲಿಲ್ಲ.

"ಒಂಟೆ ಥರ ಕಾಲು ಹಾಕಿದ್ರೆ ಎಲ್ಲಿ ಸಿಗುತ್ತೆ? ನೆಟ್ಟ ತಾತ ನನಗಿಂತ ಗಿಡ್ಡ. ಅವನ ಹೆಜ್ಜೆ ಹಾಕಿ!"

ನ್ಯಾಯಾಧೀಶರೇ ಗಿಡ್ಡ ಮನುಷ್ಯ. ಅವರು ನಗು ತಡೆದುಕೊಂಡು ತಾವೇ ಬಂಡೆಗೆ ಬೆನ್ನು ಕೊಟ್ಟು ನಡೆದರು. ಏಳನೆಯದಕ್ಕೆ ಗುದ್ದಲಿ ಮೆತ್ತಗೆ ಹೂತುಕೊಂಡಿತು. ಮಣ್ಣಿನಿಂದ ಮನುಷ್ಯನ ತಲೆಯಷ್ಟು ದಪ್ಪ ಗೆಡ್ಡೆ ಎದ್ದಿತು.

"ಮುಟ್ಟಬೇಡಿ, ತುರಿಸುತ್ತೆ," ಎಂದಳು ವಸ್ಫಿಯಾ. ಅಧಿಕಾರಿ ಕೇಳದೆ ಮುಟ್ಟಿದ, ಮುಂದಿನ ಒಂದು ಗಂಟೆ ಕೈ ಕೆರೆಯುತ್ತಲೇ ಇದ್ದ. ಮತ್ತೆ ಏಳು ಹೆಜ್ಜೆ, ಮತ್ತೊಂದು ಗೆಡ್ಡೆ. ದರ್ಗಾ ಮುಟ್ಟುವ ಹೊತ್ತಿಗೆ ಮೂವತ್ತೊಂದು. ನಿನ್ನೆ ಮೊನ್ನೆ ನೆಟ್ಟಿದ್ದಲ್ಲವೆಂದು ಗೆಡ್ಡೆಗಳ ದಪ್ಪವೇ ಹೇಳಿತು.

ತೀರ್ಪು ಅವಳ ಕಡೆಗಾಯಿತು. ವಸ್ಫಿಯಾ ಮನೆಗೆ ಬರುವ ದಾರಿಯುದ್ದಕ್ಕೂ ಅತ್ತಳು, ಅಂಗಳದಲ್ಲಿ ನಿಂತು ಬೆಟ್ಟ ಕೇಳುವಂತೆ ನಾಲಿಗೆ ಹೊರಳಿಸಿ ಹಿಗ್ಗಿನ ಉಲಿ ಹಾಕಿದಳು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಆರು ಮನೆಯವರು, ಕೈಯಲ್ಲಿ ಹಳೆಯ ಪತ್ರ, ಹೆಗಲ ಮೇಲೆ ಗುದ್ದಲಿ. ಎಲ್ಲರಿಗಿಂತ ಮುಂದೆ ಶುಕ್ರಿ.

"ಅತ್ತಿಗೆ, ನನ್ನ ಗಡಿಸಾಲನ್ನೂ ಒಂಚೂರು ನಡೆದು ತೋರಿಸು."

"ಮೊದಲು ನಿನ್ನ ನೆಲ ಎಷ್ಟು ಅಂತ ಬಾಯಿಬಿಟ್ಟು ಹೇಳು."

ಅವನು ಹಿಂದೆ ಮುಂದೆ ನೋಡಿ, ಅಭ್ಯಾಸದಂತೆ ಪಿಸುಗುಟ್ಟಿದ, "ಹತ್ತೊಂಬತ್ತು."

"ಕೇಳಿಸ್ಲಿಲ್ಲ."

"ಹತ್ತೊಂಬತ್ತು ದುನುಮ್!" ಎಂದು ಶುಕ್ರಿ ಎದುರು ಬೆಟ್ಟದ ಕಡೆ ತಿರುಗಿ ಕೂಗಿದ.